ಟರ್ನ್‌ಟೇಬಲ್: ಹಳೆಯದೋ, ಹೊಸದೋ?

ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ ಮಾರುಕಟ್ಟೆಗೆ ಬಂದದ್ದು 1972ರಲ್ಲಿ. ಇದರಲ್ಲಿ ಬೆಲ್ಟ್ ಇಲ್ಲ. ರೆಕಾರ್ಡ್ ಕೂರುವ ತಟ್ಟೆಯನ್ನು ಮೋಟಾರೇ ನೇರವಾಗಿ ತಿರುಗಿಸುತ್ತದೆ. 1979ರ ಎಂಕೆ2 ಮಾದರಿಯಲ್ಲಿ ವೇಗ ತಪ್ಪದಂತೆ ಕಾಯುವುದು ಕ್ವಾರ್ಟ್ಜ್ ಹರಳು. ತಟ್ಟೆಯ ಅಂಚಿನಲ್ಲಿ ಸಾಲುಸಾಲಾಗಿ ಚುಕ್ಕಿಗಳಿವೆ. ವೇಗ ಕರಾರುವಾಕ್ಕಾಗಿದ್ದರೆ, ಪಕ್ಕದ ಕೆಂಪು ದೀಪದ ಬೆಳಕಿನಲ್ಲಿ ಅದಕ್ಕೆ ಮೀಸಲಾದ ಸಾಲು ತಿರುಗುತ್ತಲೇ ನಿಂತಂತೆ ಕಾಣುತ್ತದೆ. ವೇಗ ತಪ್ಪಿದರೆ ಹಿಂದಕ್ಕೋ ಮುಂದಕ್ಕೋ ಜಾರುತ್ತದೆ. ವೇಗವನ್ನು ಕಣ್ಣಿಗೇ ಕಾಣಿಸುವ ಸೊಗಸಾದ ಏರ್ಪಾಡು ಇದು. 2010ರಲ್ಲಿ ನಿಂತ ತಯಾರಿಕೆ 2016ರಲ್ಲಿ ಮತ್ತೆ ಶುರುವಾಯಿತು, ಬೆಲೆ ಮಾತ್ರ ಬಹಳ ಏರಿತ್ತು.

ಯಾವುದೇ ಹಳೆಯ ಟರ್ನ್‌ಟೇಬಲ್ ಕೊಳ್ಳುವ ಹೊಸಬರು ಮೊದಲು ಮುಳ್ಳನ್ನು ಹಿಡಿದಿರುವ ತೋಳನ್ನು, ಅಂದರೆ ಟೋನ್‌ಆರ್ಮ್ ಅನ್ನು ಪರೀಕ್ಷಿಸಬೇಕು. ಅದರ ಬುಡ ಲೊಡಲೊಡ ಎಂದರೆ ಆ ವ್ಯಾಪಾರ ಬಿಡುವುದೇ ಲೇಸು. ಮುಳ್ಳನ್ನಂತೂ ಹೊಸದೇ ಹಾಕಿಸಬೇಕು. ಸವೆದ ಮುಳ್ಳು ರೆಕಾರ್ಡನ್ನೇ ಕೆರೆದು ಹಾಳುಮಾಡುತ್ತದೆ. ಬೆಲ್ಟ್ ಇರುವ ಯಂತ್ರವಾದರೆ ಅದನ್ನೂ ಬದಲಿಸಬೇಕಾದೀತು.

ಹತ್ತಿರದಲ್ಲಿ ಬಲ್ಲ ಮೆಕ್ಯಾನಿಕ್ ಇಲ್ಲದವರಿಗೆ ವಾರಂಟಿಯಿರುವ ಹೊಸ ಯಂತ್ರವೇ ಸರಿ. ಹಲವು ಮಾದರಿಗಳಲ್ಲಿ ಮುಳ್ಳಿನಿಂದ ಬರುವ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಫೋನೋ ಆಂಪ್ಲಿಫೈಯರ್ ಕೂಡ ಒಳಗೇ ಇರುತ್ತದೆ. ಆದರೆ ಬಹುಪಾಲು ಹೊಸವು ತಿರುಗುವುದು ನಿಮಿಷಕ್ಕೆ 33⅓ ಇಲ್ಲವೇ 45 ಸುತ್ತು. ಅಟ್ಟದಲ್ಲಿ ಕನ್ನಡ ರಂಗಗೀತೆಗಳ 78 ಸುತ್ತಿನ ರೆಕಾರ್ಡುಗಳಿದ್ದರೆ ಆ ವೇಗವೂ ಬೇಕು, ಅಗಲ ತುದಿಯ ಮುಳ್ಳೂ ಬೇಕು.