ಆದಿಪುರಾಣದ ತಂದೆ ಮತ್ತು ನಮ್ಮ ಮನೆಯ ತಂದೆ

ಆದಿನಾಥ ತೀರ್ಥಂಕರರನ್ನು ನಾವು ಆದಿಬ್ರಹ್ಮನೆಂದು, ಪ್ರಜಾಪತಿಯೆಂದು ಸ್ತುತಿಸುತ್ತೇವೆ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಲೋಕಕ್ಕೆ ಕಲಿಸಿದವನೆಂದು ಕೊಂಡಾಡುತ್ತೇವೆ. ಆದರೆ ಅನೇಕ ಗಂಡುಮಕ್ಕಳ ಹಾಗೂ ಇಬ್ಬರು ಹೆಣ್ಣುಮಕ್ಕಳ ತಂದೆಯಾಗಿ ಅವನು ಹೇಗೆ ನಡೆದುಕೊಂಡ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆದಿಪುರಾಣವನ್ನು ಓದಿದವರು ವಿರಳ. ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಆದಿಪುರಾಣವನ್ನೂ, ಅದನ್ನು ಆಧರಿಸಿ ಕ್ರಿ.ಶ. 941ರಲ್ಲಿ ಪಂಪನು ಬರೆದ ಕನ್ನಡ ಕಾವ್ಯವನ್ನೂ ನಾವು ವೈರಾಗ್ಯದ ಗ್ರಂಥಗಳೆಂದೇ ಓದುತ್ತ ಬಂದಿದ್ದೇವೆ. ನೀಲಾಂಜನೆಯ ನೃತ್ಯ ಮತ್ತು ಬಾಹುಬಲಿಯ ಯುದ್ಧಗಳ ಪ್ರಭೆಯಲ್ಲಿ ಉಳಿದ ಭಾಗಗಳು ಮಸುಕಾಗಿವೆ. ತಂದೆಯ ಹಕ್ಕು, ತಾಯಿಯ ಹಕ್ಕು, ಮಗಳ ಪಾಲು ಎಂಬ ಮಾತುಗಳು ನ್ಯಾಯಾಲಯಗಳಿಂದ ನಮ್ಮ ಪಡಸಾಲೆಗೇ ಬಂದಿರುವ ಈ ದಿನಗಳಲ್ಲಿ ಆ ಮಸುಕಾದ ಭಾಗಗಳನ್ನು ಬೆಳಕಿಗೆ ಹಿಡಿಯುವುದು ಅವಶ್ಯಕವೆನಿಸುತ್ತದೆ.

ಮೊದಲಿಗೆ ಎಲ್ಲರೂ ಬಲ್ಲ ಪ್ರಸಂಗ. ಬ್ರಾಹ್ಮಿ ಮತ್ತು ಸುಂದರಿಯರು ತಂದೆಯ ಬಳಿಗೆ ಬರುತ್ತಾರೆ. ಅವನು ಅವರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಮುದ್ದಿಸಿ, ಸುವರ್ಣಪಟ್ಟಿಕೆಯ ಮೇಲೆ ತನ್ನ ಎರಡು ಕೈಗಳಿಂದ ಅಕ್ಷರಮಾಲೆಯನ್ನೂ ಅಂಕಸ್ಥಾನಗಳನ್ನೂ ಬರೆದು ತೋರಿಸುತ್ತಾನೆ. ಬಲಗೈಯಿಂದ ಬ್ರಾಹ್ಮಿಗೆ ಲಿಪಿ, ಎಡಗೈಯಿಂದ ಸುಂದರಿಗೆ ಗಣಿತ ಎಂದು ನಮ್ಮ ಪಾಠಶಾಲೆಯ ಮಕ್ಕಳೂ ಒಪ್ಪಿಸಬಲ್ಲರು. ಪರ್ವದಿನಗಳ ಪ್ರವಚನಗಳಲ್ಲಿ ಈ ಪ್ರಸಂಗ ಬಂದಾಗ, ಸ್ತ್ರೀಶಿಕ್ಷಣಕ್ಕೆ ಜೈನಧರ್ಮವೇ ಆದಿ ಎಂಬ ಘೋಷಣೆಯಾಗಿ, ಚಪ್ಪಾಳೆಯಾಗಿ, ಮಾತು ಅಲ್ಲಿಗೆ ಮುಗಿಯುತ್ತದೆ. ಘೋಷಣೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಕವಿಯ ಲಕ್ಷ್ಯ ಇದಕ್ಕಿಂತ ಸೂಕ್ಷ್ಮವಾದುದು. ಇಲ್ಲಿ ಮೂರು ಸಂಗತಿಗಳು ಕಣ್ಣಿಗೆ ಬೀಳಬೇಕು. ರಾಜನಾದವನು ಉಪಾಧ್ಯಾಯನನ್ನು ನೇಮಿಸಬಹುದಿತ್ತು, ನೇಮಿಸಲಿಲ್ಲ. ತನ್ನ ಕೈಯಿಂದಲೇ ಬರೆದ. ಸಿಂಹಾಸನದಿಂದ ಉಪದೇಶಿಸಲಿಲ್ಲ, ಮಕ್ಕಳನ್ನು ಮೈಗೆ ಹತ್ತಿರ ಕೂರಿಸಿಕೊಂಡ. ಗಂಡುಮಕ್ಕಳ ಸರದಿ ಬಂದುದು ಅನಂತರ. ಭರತನಿಗೆ ಅರ್ಥಶಾಸ್ತ್ರ ಮತ್ತು ನಾಟ್ಯ, ವೃಷಭಸೇನನಿಗೆ ಸಂಗೀತ, ಅನಂತವಿಜಯನಿಗೆ ಚಿತ್ರಕಲೆ, ಬಾಹುಬಲಿಗೆ ಆಯುರ್ವೇದ, ಧನುರ್ವೇದ, ರತ್ನಪರೀಕ್ಷೆ ಮೊದಲಾದುವನ್ನು ಕಲಿಸಿದ ವಿವರ ಹೆಣ್ಣುಮಕ್ಕಳ ಪಾಠವಾದ ಮೇಲೆ ಬರುತ್ತದೆ. ಮಗುವಿನ ಆರೈಕೆ ತಾಯಿಯದು, ಅಧಿಕಾರ ತಂದೆಯದು ಎಂಬ ವಿಭಜನೆಯನ್ನು ಈ ಪುರಾಣದ ತಂದೆ ಮಾಡಿಕೊಳ್ಳಲಿಲ್ಲ. ಅವನ ಪಿತೃತ್ವವು ಅವನು ಮಾಡಿದ ಕೆಲಸದಲ್ಲಿದೆ.

ಇಷ್ಟನ್ನು ಮೆಚ್ಚಿದ ಮೇಲೆ ಪ್ರಶ್ನೆಯನ್ನೂ ಎತ್ತಲೇಬೇಕು. ವೈರಾಗ್ಯ ಮೂಡಿ ರಾಜ್ಯವನ್ನು ಹಂಚುವಾಗ ಭರತನಿಗೆ ಅಯೋಧ್ಯೆ ದೊರೆಯಿತು, ಬಾಹುಬಲಿಗೆ ಪೌದನಪುರ ದೊರೆಯಿತು, ಉಳಿದ ಕುಮಾರರಿಗೂ ನಾಡುಗಳು ದೊರೆತವು. ಬ್ರಾಹ್ಮಿ, ಸುಂದರಿಯರಿಗೆ ಅಕ್ಷರ ದೊರೆಯಿತು, ನೆಲ ದೊರೆಯಲಿಲ್ಲ. ಅವರಿಬ್ಬರೂ ಮುಂದೆ ತಂದೆಯ ಸಮವಸರಣದಲ್ಲಿ ದೀಕ್ಷೆ ಪಡೆದರು, ಬ್ರಾಹ್ಮಿಯು ಆರ್ಯಿಕಾಸಂಘದ ಮುಖ್ಯಸ್ಥೆಯಾದಳು. ಆದ್ದರಿಂದ ನೆಲದ ಮಾತು ಅವರಿಗೆ ಅಪ್ರಸ್ತುತ ಎಂದು ಸಮಾಧಾನ ಹೇಳುವವರಿದ್ದಾರೆ. ಆದರೆ ಬಾಹುಬಲಿಯೂ ದೀಕ್ಷೆ ಪಡೆದವನೇ. ಪಡೆದು ಬಿಟ್ಟವನ ತ್ಯಾಗಕ್ಕೂ ಪಡೆಯದೆ ಬಿಟ್ಟವರ ತ್ಯಾಗಕ್ಕೂ ಇರುವ ಅಂತರವನ್ನು ಕಥಾಭಾಗ ವಿಚಾರಿಸುವುದಿಲ್ಲ.

ಕಥಾಭಾಗ ವಿಚಾರಿಸದುದನ್ನು ಅದೇ ಗ್ರಂಥದ ಕ್ರಿಯಾಭಾಗ ವಿಚಾರಿಸಿದೆ. ನಮ್ಮ ಪ್ರವಚನಕಾರರು ದಾಟಿಹೋಗುವ ಸ್ಥಳ ಇದೇ. ಜಿನಸೇನರ ಮೂವತ್ತೆಂಟನೆಯ ಪರ್ವದಲ್ಲಿ ಭರತ ಚಕ್ರವರ್ತಿಯು ಗರ್ಭಾನ್ವಯದ ಐವತ್ತಮೂರು ಕ್ರಿಯೆಗಳನ್ನು ನಿರೂಪಿಸುತ್ತಾನೆ. ಅವುಗಳಲ್ಲಿ ಗೃಹತ್ಯಾಗವೂ ಒಂದು. ಮನೆಯನ್ನು ಬಿಡಲು ಸಿದ್ಧನಾದ ಗೃಹಸ್ಥನು ಸಿದ್ಧಪೂಜೆಯನ್ನು ಮಾಡಿ, ಮಾನ್ಯರಾದವರೆಲ್ಲರನ್ನೂ ಕರೆಸಿ, ಅವರ ಸಾಕ್ಷಿಯಲ್ಲಿ ಮಗನಿಗೆ ಎಲ್ಲವನ್ನೂ ಒಪ್ಪಿಸಬೇಕು. ಒಪ್ಪಿಸುವ ರೀತಿಯನ್ನೂ ಆಚಾರ್ಯರು ಬಿಡಿಸಿ ಹೇಳಿದ್ದಾರೆ. ಧನವನ್ನು ಮೂರು ಭಾಗ ಮಾಡತಕ್ಕದ್ದು. ಒಂದು ಧರ್ಮಕಾರ್ಯಕ್ಕೆ, ಒಂದು ಮನೆಯ ವೆಚ್ಚಕ್ಕೆ, ಮೂರನೆಯದು ಒಡಹುಟ್ಟಿದವರಲ್ಲಿ ಹಂಚಿಕೆಗೆ. ಈ ಹಂಚಿಕೆಯಲ್ಲಿ ಹೆಣ್ಣುಮಕ್ಕಳೂ ಗಂಡುಮಕ್ಕಳೊಡನೆ ಸಮಾನ ಅಂಶಕ್ಕೆ ಅರ್ಹರು ಎಂದು ಶ್ಲೋಕದಲ್ಲಿ ಸ್ಪಷ್ಟವಾಗಿದೆ. ವ್ಯಾಖ್ಯಾನದಿಂದ ಹಿಂಡಿ ತೆಗೆಯಬೇಕಾದ ಅರ್ಥವಲ್ಲ ಇದು.

ಹನ್ನೊಂದು ಶತಮಾನಗಳಿಗೂ ಹಿಂದೆ ಬರೆದ ಮಾತಿದು. ಆದರೆ ಅದೇ ಪ್ರಕರಣದಲ್ಲಿ ಕುಲಜ್ಯೇಷ್ಠನಾಗಿ ಸಂತತಿಯನ್ನು ಪಾಲಿಸು ಎಂಬ ಆಜ್ಞೆ ಹಿರಿಯ ಮಗನಿಗೇ ಸಲ್ಲುತ್ತದೆ. ಮಗಳಿಗೆ ಅಂಶವುಂಟು, ಆಡಳಿತವಿಲ್ಲ. ಆಚಾರ್ಯರ ಕಾಲವನ್ನು ನೆನೆದು ಇದನ್ನು ಕ್ಷಮಿಸಬಹುದು, ಮುಚ್ಚಿಡಬಾರದು. ಆದರೂ ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ತೋರುವುದು ಬೇರೊಂದು. ಇಲ್ಲಿ ತಂದೆಯ ಅಧಿಕಾರದ ಕಟ್ಟಕಡೆಯ ಪ್ರಯೋಗವೆಂದರೆ ಆ ಅಧಿಕಾರವನ್ನು ಸಾಕ್ಷಿಗಳೆದುರು ಬಿಟ್ಟುಕೊಡುವುದು. ಮಕ್ಕಳು ನೆಲೆಗೊಂಡ ಮೇಲೆ, ಲೆಕ್ಕ ಒಪ್ಪಿಸಿದ ಮೇಲೆ ಮಾತ್ರ ಅವನಿಗೆ ಹೊಸ್ತಿಲು ದಾಟುವ ಅನುಮತಿ. ಹೊಣೆಯನ್ನು ಹೆಂಡತಿಯ ತಲೆಗೆ ಕಟ್ಟಿ ವೈರಾಗ್ಯದ ಮಾತಾಡುವ ಗೃಹಸ್ಥನಿಗೆ ಈ ಪರ್ವದಲ್ಲಿ ಎಡೆಯಿಲ್ಲ.

ಇನ್ನು ನಮ್ಮ ಮನೆಗಳತ್ತ ನೋಡೋಣ. ದಾಯಭಾಗದ ವಿಷಯದಲ್ಲಿ ಜೈನರಿಗೂ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವೇ ಅನ್ವಯಿಸುತ್ತದೆ. ಕರ್ನಾಟಕವು 1994ರಲ್ಲಿ ಜಾರಿಗೆ ತಂದ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಜನ್ಮಸಿದ್ಧ ಹಕ್ಕನ್ನು ಕೊಟ್ಟಿತಾದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೊಡೆಯಿತು. ತಂದೆಯು ಆ ದಿನ ಜೀವಂತವಾಗಿರಬೇಕೆಂಬ ನಿಬಂಧನೆಯೂ ಇಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಹಿರಿಯಳಾದ ಮಗಳು ಅವಿಭಕ್ತ ಕುಟುಂಬದ ಕರ್ತೃವೂ ಆಗಬಲ್ಲಳೆಂದು ದೆಹಲಿ ಉಚ್ಚ ನ್ಯಾಯಾಲಯವು 2015ರಲ್ಲೇ ಹೇಳಿತ್ತು. ಕಾನೂನು ಜಿನಸೇನರ ಶ್ಲೋಕದವರೆಗೆ ಬಂದು, ಆಡಳಿತದ ವಿಷಯದಲ್ಲಿ ಒಂದು ಹೆಜ್ಜೆ ಮುಂದೆಯೂ ಹೋಗಿದೆ. ನಮ್ಮ ಮನೆಗಳಲ್ಲಿ ಮಾತ್ರ ಹಕ್ಕುಬಿಡುಗಡೆ ಪತ್ರವೆಂಬ ಹೊಸ ಕ್ರಿಯೆ ಬೆಳೆದಿದೆ. ತವರಿಗೆ ಬಂದ ಮಗಳನ್ನು ಊಟಕ್ಕೆ ಕೂರಿಸಿ, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು, ಮಾರನೆಯ ದಿನ ಉಪನೋಂದಣಾಧಿಕಾರಿಯ ಕಚೇರಿಗೆ ಕರೆದೊಯ್ಯುವುದು. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬ ಭಯವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಜಿನಸೇನರಲ್ಲಿ ಮಾನ್ಯರನ್ನು ಕರೆಸುವುದು ತಂದೆ ಕೊಡುವಾಗ. ನಮ್ಮಲ್ಲಿ ಕರೆಸುವುದು ಮಗಳು ಬಿಡುವಾಗ. ಹೀಗೆ ಸಾಕ್ಷಿಗೆಂದು ಕರೆಸಿಕೊಳ್ಳುವ ಹಿರಿಯರಲ್ಲಿ ಬಸದಿಗಳ ಆಡಳಿತ ನಡೆಸುವವರೂ ಇರುತ್ತಾರಾದ್ದರಿಂದ ಈ ಮಾತನ್ನು ಇಲ್ಲಿ ಬರೆಯಬೇಕಾಯಿತು. ಸ್ವಯಾರ್ಜಿತ ಆಸ್ತಿಯನ್ನು ತಂದೆ ತನ್ನಿಚ್ಛೆಯಂತೆ ಉಯಿಲು ಬರೆಯಬಹುದು ಎಂಬುದು ನಿಜ. ಆದರೆ ಅಪರಿಗ್ರಹವನ್ನು ಮಗಳಿಂದ ಆಚರಿಸಿ ಮಗನ ಪರಿಗ್ರಹವನ್ನು ಹೆಚ್ಚಿಸುವುದಕ್ಕೆ ಯಾವ ಆಗಮದ ಆಧಾರವಿದೆಯೋ ನಾನರಿಯೆ.

ಆಸ್ತಿಯ ಮಾತು ಹೀಗಾದರೆ, ಮಕ್ಕಳೇ ತಂದೆಯ ಸ್ವತ್ತೇ ಎಂಬುದು ಇನ್ನೂ ಕಠಿಣವಾದ ಪ್ರಶ್ನೆ. ಅಪುತ್ರನಿಗೆ ಸದ್ಗತಿಯಿಲ್ಲ ಎಂಬ ವೈದಿಕ ಭಾವನೆ ನಮ್ಮದಲ್ಲ. ತಂದೆಯನ್ನು ಮಗ ಪಿಂಡವಿಟ್ಟು ದಾಟಿಸಲಾರ. ಅವರವರ ಕರ್ಮ ಅವರವರಿಗೆ. ಜೈನರ ದತ್ತಕದಲ್ಲಿ ಪಾರಲೌಕಿಕ ಪ್ರಯೋಜನವಿಲ್ಲವೆಂಬ ಈ ನೆಲೆಯನ್ನು ನ್ಯಾಯಾಲಯಗಳೂ ಗುರುತಿಸಿದುವು. ಜೈನ ವಿಧವೆಯು ಗಂಡನ ಅನುಮತಿಯಿಲ್ಲದೆಯೂ ದತ್ತು ಸ್ವೀಕರಿಸಬಹುದೆಂಬ ರೂಢಿಯನ್ನು ಪ್ರಿವಿ ಕೌನ್ಸಿಲ್ 1878ರಷ್ಟು ಹಿಂದೆಯೇ ಮಾನ್ಯ ಮಾಡಿತ್ತು. ಯಶೋಧರನ ಕಥೆಯಂತೂ ಪಿತೃತ್ವದ ಮಮಕಾರವನ್ನು ನಿರ್ದಯವಾಗಿ ಒಡೆಯುತ್ತದೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯಿಂದ ಜನ್ಮಜನ್ಮಾಂತರ ತೊಳಲುವ ಯಶೋಧರನು ಮೀನಾಗಿ ಹುಟ್ಟಿದಾಗ, ಅವನ ಮಗ ಯಶೋಮತಿಯ ಅರಮನೆಯಲ್ಲಿ ಪಿತೃಕಾರ್ಯಕ್ಕೇ ಆ ಮೀನು ಅಡುಗೆಯಾಗುತ್ತದೆ. ತಂದೆಗೆಂದು ತಂದೆಯನ್ನೇ ಬಡಿಸುತ್ತಾರೆ! ಕಡೆಗೆ ಅವನು ಆ ಯಶೋಮತಿಯ ಮಗ ಅಭಯರುಚಿಯಾಗಿ, ಅವನ ತಾಯಿ ಚಂದ್ರಮತಿಯು ಅವಳಿ ಸೋದರಿ ಅಭಯಮತಿಯಾಗಿ ಹುಟ್ಟುತ್ತಾರೆ. ಜನ್ನನು 1209ರಲ್ಲಿ ಈ ಕಥೆಯನ್ನು ಕನ್ನಡದಲ್ಲಿ ಹೇಳಿದಾಗ ಅಮೃತಮತಿಯ ಪ್ರಣಯವೇ ವಿಮರ್ಶಕರ ಗಮನವನ್ನೆಲ್ಲ ಸೆಳೆದುಕೊಂಡಿತು. ಆದರೆ ಮಗನಿಗೆ ಮಗನಾಗಿ ಹುಟ್ಟಿದ ತಂದೆಯು ನನ್ನ ಮಗು ಎಂದು ಯಾರನ್ನು ಯಾವ ಅಧಿಕಾರದಿಂದ ಕರೆಯಬೇಕು ಎಂಬ ಪ್ರಶ್ನೆ ಅದಕ್ಕಿಂತ ಆಳದ್ದು.

ದಾಂಪತ್ಯ ಮುರಿದ ಮನೆಗಳಲ್ಲಿ ಈ ಪ್ರಶ್ನೆ ತತ್ತ್ವದ ಪ್ರಶ್ನೆಯಾಗಿ ಉಳಿಯುವುದಿಲ್ಲ. 1956ರ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮದ ಆರನೆಯ ಪ್ರಕರಣವು ಸಹಜ ಪೋಷಕನು ತಂದೆ, ಅವನ ಅನಂತರ ತಾಯಿ ಎಂದಿತು; ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದೂ ಸೇರಿಸಿತು. 1999ರಲ್ಲಿ ಗೀತಾ ಹರಿಹರನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ‘ಅನಂತರ’ ಎಂದರೆ ತಂದೆಯ ಮರಣಾನಂತರ ಎಂದೇ ಅರ್ಥವಲ್ಲ, ಅವನ ಗೈರುಹಾಜರಿ ಅಥವಾ ಉದಾಸೀನದಲ್ಲಿಯೂ ತಾಯಿ ಪೋಷಕಳೇ ಎಂದು ಅರ್ಥೈಸಿತು. 2015ರಲ್ಲಿ ಕಾನೂನು ಆಯೋಗವು ತನ್ನ 257ನೆಯ ವರದಿಯಲ್ಲಿ ತಂದೆತಾಯಿಗಳಿಗೆ ಸಮಾನ ಸ್ಥಾನವನ್ನೂ ಜಂಟಿ ಪಾಲನೆಯ ಅವಕಾಶವನ್ನೂ ಶಿಫಾರಸು ಮಾಡಿತು. ತಂದೆಯೇ ಪೋಷಕನೆಂದು ಬರೆದು ನಮ್ಮನ್ನು ಎರಡನೆಯ ದರ್ಜೆಗಿಳಿಸಿದ್ದಾರೆಂದು ಸ್ತ್ರೀಯರು ದೂರುತ್ತಾರೆ. ಮಗುವನ್ನು ತಾಯಿಗೊಪ್ಪಿಸಿ ನಮ್ಮನ್ನು ಜೀವನಾಂಶ ಕೊಡುವ ಅತಿಥಿಗಳನ್ನಾಗಿ ಮಾಡಿದ್ದಾರೆಂದು ಪುರುಷರು ದೂರುತ್ತಾರೆ. ಇಬ್ಬರ ದೂರೂ ಒಂದೇ ಬೇರಿನಿಂದ ಹುಟ್ಟಿದೆ. ಒಡೆತನವನ್ನು ತಂದೆಗೂ ಆರೈಕೆಯನ್ನು ತಾಯಿಗೂ ಹಂಚಿಕೊಟ್ಟ ಮನಸ್ಸೇ ಆ ಪ್ರಕರಣದ ಎರಡು ಭಾಗಗಳನ್ನೂ ಬರೆದಿದೆ. ನ್ಯಾಯಾಲಯದ ಕೊಠಡಿಯಲ್ಲಿ ವಾರಕ್ಕೊಮ್ಮೆ ಮಗುವನ್ನು ನೋಡಲು ಕಾಯುವ ತಂದೆಯ ಸಂಕಟ ನಿಜವಾದುದು, ಅದನ್ನು ಹಾಸ್ಯ ಮಾಡುವ ಸ್ತ್ರೀಪಕ್ಷಪಾತವನ್ನು ನಾನು ಒಪ್ಪುವುದಿಲ್ಲ. ಆದರೆ ಮಗು ತನ್ನ ಮನೆಯಲ್ಲಿದ್ದ ವರ್ಷಗಳಲ್ಲಿ ಅದರ ಪಾಟಿಯ ಮೇಲೆ ಎಷ್ಟು ಅಕ್ಷರ ಬರೆದಿದ್ದೆ ಎಂದು ಅವನನ್ನು ಕೇಳುವುದೂ ನ್ಯಾಯವೇ. ಆದಿದೇವನ ತೊಡೆಯ ಪ್ರಸಂಗವನ್ನು ಸ್ತ್ರೀಶಿಕ್ಷಣದ ಘೋಷಣೆಯಾಗಿ ಮಾತ್ರ ಓದಿದ್ದರಿಂದ ನಮ್ಮ ಗಂಡಸರು ಅದರಲ್ಲಿದ್ದ ತಮ್ಮ ಪಾಠವನ್ನೇ ತಪ್ಪಿಸಿಕೊಂಡರು.

ತುಳುನಾಡಿನ ಮಾತನ್ನು ಇಲ್ಲಿ ಬಿಡುವಂತಿಲ್ಲ. ಕಾರ್ಕಳದಲ್ಲಿ 1432ರಲ್ಲಿ, ವೇಣೂರಿನಲ್ಲಿ 1604ರಲ್ಲಿ ಬಾಹುಬಲಿಯ ಮೂರ್ತಿಗಳನ್ನು ನಿಲ್ಲಿಸಿದ ಭೈರರಸರೂ ಅಜಿಲರೂ ಅಳಿಯಸಂತಾನದವರು. ತಂದೆ ಮಕ್ಕಳಿಗೆ ಹಂಚಿದ ನೆಲಕ್ಕಾಗಿ ಅಣ್ಣತಮ್ಮಂದಿರು ಕಾದಾಡಿದ ಕಥೆಯ ನಾಯಕನನ್ನು, ರಾಜ್ಯವು ತಂದೆಯಿಂದ ಮಗನಿಗೆ ಹೋಗದೆ ಮಾವನಿಂದ ಸೋದರಳಿಯನಿಗೆ ಹೋಗುವ ನಾಡಿನವರು ಕಲ್ಲಿನಲ್ಲಿ ಕಡೆಸಿದರು! ಅಲ್ಲಿಯ ಜೈನ ಮನೆತನಗಳಲ್ಲಿ ತಂದೆಗೆ ಮಕ್ಕಳ ಆಸ್ತಿಯ ಮೇಲೆ ಹಿಡಿತವಿರಲಿಲ್ಲ. ಆದರೂ ಅವನು ತಂದೆಯೇ ಆಗಿದ್ದ. ಅದನ್ನು ಸ್ತ್ರೀರಾಜ್ಯವೆಂದು ಬಣ್ಣಿಸುವುದು ಅತಿಯಾದೀತು. ಅನೇಕ ಕುಟುಂಬಗಳಲ್ಲಿ ಗಂಡನ ಬದಲು ಸೋದರಮಾವನು ಯಜಮಾನನಾದ, ಅಷ್ಟೇ. ಆದರೆ ತಂದೆಯ ಅಧಿಕಾರವೇ ಧರ್ಮ, ಅದು ಸಡಿಲಿದರೆ ಶ್ರಾವಕನ ಮನೆ ಒಡೆಯುತ್ತದೆ ಎಂದು ವಾದಿಸುವವರು ಈ ಮೂರ್ತಿಗಳನ್ನು ನೋಡಿ ಬಂದ ಮೇಲೆ ವಾದಿಸಲಿ.

ಬಿಟ್ಟ ಅಧಿಕಾರವನ್ನು ಆದಿದೇವ ಮತ್ತೆ ಎತ್ತಿಕೊಳ್ಳಲಿಲ್ಲ ಎಂಬುದನ್ನೂ ಪುರಾಣ ಕಾಣಿಸುತ್ತದೆ. ಭರತನ ದೂತರು ಬಂದು ಅಧೀನರಾಗಿರೆಂದಾಗ ಕಿರಿಯ ಸೋದರರು ತಂದೆ ಕೊಟ್ಟ ನೆಲದ ದೂರನ್ನು ತಂದೆಯ ಬಳಿಗೇ ಒಯ್ದರು. ಅವನು ಭರತನನ್ನು ಕರೆಸಿ ಗದರಿಸಲಿಲ್ಲ, ಹಂಚಿಕೆಯನ್ನು ತಿದ್ದಲಿಲ್ಲ. ಶಾಶ್ವತವಾದ ರಾಜ್ಯದ ಮಾತಾಡಿದ. ಅವರು ದೀಕ್ಷೆ ವಹಿಸಿದರು. ಬಾಹುಬಲಿ ದೂರು ಒಯ್ಯಲಿಲ್ಲ, ಕಾದಿ ಗೆದ್ದು ಬಿಟ್ಟ. ವರ್ಷವಿಡೀ ನಿಂತರೂ ಅವನಿಗೆ ಕೇವಲಜ್ಞಾನವಾಗದಿದ್ದಾಗ, ನಮ್ಮ ಗ್ರಂಥಗಳಲ್ಲಿ ಭರತನು ಬಂದು ಪೂಜಿಸಿದ ಮೇಲೆ ಅವನ ಮನಸ್ಸಿನ ಶಲ್ಯ ಕರಗುತ್ತದೆ. ಶ್ವೇತಾಂಬರ ಪರಂಪರೆಯಲ್ಲಿ ಈ ಸಂದರ್ಭ ಬೇರೆಯಾಗಿದೆ. ಆನೆಯಿಂದ ಇಳಿಯೆಂದು ಹೇಳಿಕಳುಹಿಸಬೇಕಾದಾಗ ತಂದೆ ಗಂಡುಮಕ್ಕಳಲ್ಲಿ ಯಾರನ್ನೂ ಆರಿಸುವುದಿಲ್ಲ. ನೆಲದ ಪಾಲು ಪಡೆಯದ ಬ್ರಾಹ್ಮಿ, ಸುಂದರಿಯರು ಬಳ್ಳಿ ಹಬ್ಬಿದ ಅಣ್ಣನನ್ನು ಹುಡುಕುತ್ತ ಕಾಡಿಗೆ ಹೋಗುತ್ತಾರೆ.