ಆಗಿಹೋದುದಕ್ಕಾಗಿ ಪ್ರಾರ್ಥನೆ: ಒಂದು ‘ಕ್ವಾಂಟಂ’ ವಾದದ ವಿಮರ್ಶೆ

ಈಚಿನ ಕೆಲವು ವರ್ಷಗಳಿಂದ ಧ್ಯಾನಕೂಟಗಳ ಬೋಧನೆಯಲ್ಲಿಯೂ ಗುರುವಿದ್ಯಾರ್ಥಿಗಳ ಪ್ರಬಂಧಗಳಲ್ಲಿಯೂ ಒಂದು ವಾದವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ವರ್ತಮಾನವು ಭೂತಕಾಲದ ಮೇಲೆ ಪ್ರಭಾವ ಬೀರಬಲ್ಲುದೆಂದು ಕ್ವಾಂಟಂ ಭೌತವಿಜ್ಞಾನ ಸಿದ್ಧಪಡಿಸಿದೆ. ಆದ್ದರಿಂದ ಇಂದಿನ ಪ್ರಾರ್ಥನೆಯು ನಿನ್ನೆಯ ಘಟನೆಯನ್ನು ಬದಲಿಸಬಲ್ಲುದು ಎಂಬುದೇ ಆ ವಾದ. ಇದರ ಪೂರ್ವಾರ್ಧವೂ ಉತ್ತರಾರ್ಧವೂ ಪರೀಕ್ಷೆಗೆ ನಿಲ್ಲುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ಇದು ಉತ್ತರವಾಗಿ ಬಂದಿರುವ ಪ್ರಶ್ನೆ ಮಾತ್ರ ಕ್ಷುಲ್ಲಕವಲ್ಲ.

ಪ್ರಶ್ನೆ ಹುಟ್ಟುವ ಸ್ಥಳವನ್ನು ನಮ್ಮ ಓದುಗರು ಬಲ್ಲರು. ದಾವಣಗೆರೆ ಆಸ್ಪತ್ರೆಗಳ ಊರು. ಸುತ್ತಣ ಜಿಲ್ಲೆಗಳ ರೋಗಿಗಳು ಇಲ್ಲಿಗೆ ಬರುತ್ತಾರೆ. ಗಡ್ಡೆಯ ತುಣುಕನ್ನು ಪ್ರಯೋಗಾಲಯಕ್ಕೆ ಕೊಟ್ಟು, ವರದಿ ಕೈಸೇರುವ ಮುನ್ನ ಸುಮಾರು 14 ಕಿಲೋಮೀಟರ್ ದೂರದ ಹರಿಹರಕ್ಕೆ ಹೋಗಿ ಆರೋಗ್ಯಮಾತೆಯ ಬಸಿಲಿಕದಲ್ಲಿ ಮೇಣದಬತ್ತಿ ಹಚ್ಚುವ ತಾಯಿ ಏನನ್ನು ಬೇಡುತ್ತಾಳೆ? ‘ಅದು ಕ್ಯಾನ್ಸರ್ ಆಗಿರದಿರಲಿ’ ಎಂದು. ಗಡ್ಡೆ ಏನೆಂಬುದು ಆಗಲೇ ನಿಶ್ಚಯವಾಗಿ ಹೋಗಿದೆ. ವರದಿ ಬರುವುದಷ್ಟೇ ಬಾಕಿ. ಹಾಗಾದರೆ ಆಕೆಯ ಪ್ರಾರ್ಥನೆ ವ್ಯರ್ಥವೇ?

ವ್ಯರ್ಥವೆಂದೇ ಯೆಹೂದ್ಯರ ಮಿಷ್ನಾ ಹೇಳುತ್ತದೆ. ಬೆರಖೋತ್ ಪ್ರಕರಣದ ಒಂಬತ್ತನೆಯ ಅಧ್ಯಾಯದಲ್ಲಿ ಒಬ್ಬ ಪ್ರಯಾಣಿಕನಿದ್ದಾನೆ. ಊರನ್ನು ಸಮೀಪಿಸುವಾಗ ಅವನಿಗೆ ಗೋಳಾಟ ಕೇಳಿಸುತ್ತದೆ. ‘ಅದು ನನ್ನ ಮನೆಯದಾಗದಿರಲಿ’ ಎಂದು ಬೇಡುತ್ತಾನೆ. ನಡೆದುಹೋದುದಕ್ಕಾಗಿ ಮೊರೆಯಿಡುವುದು ವೃಥಾ ಪ್ರಾರ್ಥನೆ ಎಂಬುದು ಅಲ್ಲಿನ ತೀರ್ಪು. ಕಠೋರವಾಗಿ ಕೇಳಿಸಿದರೂ ಇದು ಪ್ರಾಮಾಣಿಕವಾದ ತೀರ್ಪು. ಕ್ವಾಂಟಂ ಬೋಧಕರು ಈ ಕಾಠಿಣ್ಯದಿಂದ ಪಾರಾಗಲು ಹೊರಟವರು; ಆದರೆ ಹಿಡಿದ ಹಾದಿ ಸರಿಯಲ್ಲ.

ಅವರು ಮುಂದಿಡುವ ಪ್ರಯೋಗಗಳನ್ನೇ ನೋಡೋಣ. 1978ರಲ್ಲಿ ಜಾನ್ ವೀಲರ್ ‘ತಡವಾದ ಆಯ್ಕೆ’ಯ ಪ್ರಯೋಗವನ್ನು ಕಲ್ಪಿಸಿದರು. ಬೆಳಕಿನ ಕಣವೊಂದು ಉಪಕರಣವನ್ನು ಪ್ರವೇಶಿಸಿದ ಬಳಿಕ, ಅದರ ಹಾದಿಯನ್ನು ಗುರುತಿಸಬೇಕೇ, ಅಲೆಯ ವ್ಯತಿಕರಣವನ್ನು ನೋಡಬೇಕೇ ಎಂಬುದನ್ನು ನಿರ್ಧರಿಸಲಾಗುತ್ತದೆ. 2007ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು 48 ಮೀಟರ್ ಉದ್ದದ ಉಪಕರಣದಲ್ಲಿ ಇದನ್ನು ನಡೆಸಿ ತೋರಿಸಿದರು. ಫಲಿತಾಂಶವು ಕೊನೆಯ ಆಯ್ಕೆಗೆ ಹೊಂದಿಕೊಂಡಿತ್ತು. ಇಲ್ಲಿಂದ ಒಂದೇ ನೆಗೆತಕ್ಕೆ ‘ಕಣದ ಭೂತಕಾಲ ಬದಲಾಯಿತು’ ಎನ್ನಲಾಗುತ್ತದೆ. ಆದರೆ ವೀಲರ್ ಹೇಳಿದ್ದು ಬೇರೆ. ದಾಖಲಾಗುವ ಮುನ್ನ ಕಣವು ಈ ಹಾದಿಯಲ್ಲಿ ಬಂದಿತು, ಆ ಹಾದಿಯಲ್ಲಿ ಬಂದಿತು ಎನ್ನುವ ಮಾತೇ ಸಲ್ಲದು ಎಂಬುದು ಅವರ ನಿಲುವು. ಇನ್ನೂ ರೂಪುಗೊಳ್ಳದ ಸಂಗತಿ ಬದಲಾಗುವುದಾದರೂ ಹೇಗೆ?

ಇನ್ನೂ ಹೆಚ್ಚು ಬಳಕೆಯಾಗುವುದು 2000ದಲ್ಲಿ ಪ್ರಕಟವಾದ ‘ಕ್ವಾಂಟಂ ಅಳಿಸುವಿಕೆ’ಯ ಪ್ರಯೋಗ. ಅದರಲ್ಲಿ ಜೋಡಿ ಕಣಗಳು ಹುಟ್ಟುತ್ತವೆ. ಒಂದು ಮೊದಲೇ ದಾಖಲಾಗುತ್ತದೆ. ಅದರ ಜೊತೆಗಾರ ಕಣ ಆಮೇಲೆ. ಎರಡನೆಯದರ ಫಲಿತಾಂಶಕ್ಕನುಸಾರವಾಗಿ ಮೊದಲನೆಯದರಲ್ಲಿ ವ್ಯತಿಕರಣದ ಪಟ್ಟೆಗಳು ಕಾಣುತ್ತವೆ ಅಥವಾ ಕಾಣುವುದಿಲ್ಲ. ಬೋಧಕರು ಬಿಟ್ಟುಬಿಡುವ ಅಂಶವೇನೆಂದರೆ, ಮೊದಲ ಕಣಗಳ ದಾಖಲೆಯೊಂದನ್ನೇ ನೋಡಿದರೆ ಪಟ್ಟೆಗಳು ಎಂದಿಗೂ ಕಾಣುವುದಿಲ್ಲ. ಎರಡೂ ದಾಖಲೆಗಳನ್ನು ಪಕ್ಕದಲ್ಲಿಟ್ಟು ವಿಂಗಡಿಸಿದಾಗಲೇ ಅವು ಗೋಚರಿಸುತ್ತವೆ. ಇದನ್ನು ಅರಿಯಲು ನಮ್ಮ ಧರ್ಮಕೇಂದ್ರಗಳ ಜ್ಞಾನಸ್ನಾನದ ದಾಖಲೆ ಪುಸ್ತಕವೇ ಸಾಕು. ಧರ್ಮಸಭೆಯ ಕಾನೂನಿನ 535ನೆಯ ವಿಧಿಯಂತೆ ವಿವಾಹ, ಗುರುದೀಕ್ಷೆ ಮುಂತಾದವು ಆ ಪುಸ್ತಕದಲ್ಲಿಯೇ ನಮೂದಾಗಬೇಕು. ಮೂವತ್ತು ವರ್ಷಗಳ ತರುವಾಯ ಅಂಚಿನ ಟಿಪ್ಪಣಿಗಳನ್ನು ನೋಡಿ, ಗುರುಗಳಾದವರ ಹೆಸರುಗಳನ್ನಷ್ಟೇ ಆರಿಸಿದರೆ, ಮೊದಲು ಕಾಣದ ವಿನ್ಯಾಸವೊಂದು ಕಾಣಬಹುದು. ಹಾಗೆಂದು ಅಂದು ಬರೆದ ನಮೂದಿನ ಒಂದಕ್ಷರವೂ ಬದಲಾಗಿಲ್ಲ. ಈ ಹೋಲಿಕೆಗೂ ಮಿತಿಯುಂಟು: ಕಣಗಳ ನಡುವಣ ನಂಟು ಪುಸ್ತಕದ ನಮೂದುಗಳ ನಂಟಿಗಿಂತ ವಿಚಿತ್ರವಾದುದು. ಆದರೂ ವಿಂಗಡಿಸುವುದು ಬೇರೆ, ತಿದ್ದುವುದು ಬೇರೆ ಎಂಬಷ್ಟನ್ನು ಅದು ತೋರಿಸುತ್ತದೆ.

ನ್ಯಾಯವಾಗಿ ಹೇಳಬೇಕಾದುದೊಂದಿದೆ. ಯಾಕಿರ್ ಆಹರೊನೊವ್ ಅವರ ಬಳಗ 1964ರಷ್ಟು ಹಿಂದೆಯೇ ಕಾಲದಲ್ಲಿ ಎರಡೂ ದಿಕ್ಕುಗಳಿಗೆ ಸಮಾನ ಸ್ಥಾನ ಕೊಡುವ ಗಣಿತವನ್ನು ಮಂಡಿಸಿತು. ತತ್ತ್ವಜ್ಞ ಹ್ಯೂ ಪ್ರೈಸ್ ಹಿಮ್ಮುಖ ಕಾರಣತೆಯನ್ನು ಗಂಭೀರವಾಗಿಯೇ ಸಮರ್ಥಿಸುತ್ತಾರೆ. ಇವು ವ್ಯಾಖ್ಯಾನಗಳು, ಸಿದ್ಧಪಟ್ಟ ಸತ್ಯಗಳಲ್ಲ. ಇವನ್ನು ಒಪ್ಪಿದರೂ ಹಿಂದಕ್ಕೆ ಒಂದು ಸಂದೇಶವನ್ನು ಕಳುಹಿಸಲು ಬಾರದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ದುಡಿದ ಇ. ಸಿ. ಜಿ. ಸುದರ್ಶನ್ ಅವರ ಎಚ್ಚರಿಕೆ ಇಲ್ಲಿ ಅನುಕರಣೀಯ. 1962ರಲ್ಲಿ ಅವರು ಸಂಗಡಿಗರೊಡನೆ ಬೆಳಕಿಗಿಂತ ವೇಗದ ಕಣಗಳ ಸಾಧ್ಯತೆಯನ್ನು ವಿಚಾರಿಸಿದಾಗ, ಅಂಥ ಕಣಗಳು ಕಾಲದಲ್ಲಿ ಹಿಂದಕ್ಕೆ ಸಾಗುವಂತೆ ತೋರುವ ತೊಡಕು ಎದುರಾಯಿತು. ಋಣಶಕ್ತಿಯೊಡನೆ ಹಿಂದಕ್ಕೆ ಹೋಗುವ ಕಣವನ್ನು ಧನಶಕ್ತಿಯೊಡನೆ ಮುಂದಕ್ಕೆ ಬರುವ ಕಣವೆಂದೇ ಓದಬೇಕೆಂದು ಅವರು ವಾದಿಸಿದರು. ಧೈರ್ಯವಾಗಿ ಊಹಿಸಿದವರೇ ಕಾರಣ-ಕಾರ್ಯಗಳ ಕ್ರಮವನ್ನು ಕಾಯಲು ಇಷ್ಟು ಶ್ರಮಿಸಿರುವಾಗ ಪ್ರಸಂಗಪೀಠದ ಆತುರ ವಿಚಿತ್ರವೆನಿಸುತ್ತದೆ. (ಕಣ ಹಾಗೂ ಅಲೆಗಳ ದ್ವಂದ್ವಕ್ಕೆ ಹರಿಹರೇಶ್ವರನ ಮೂರ್ತಿಯನ್ನು ಹೋಲಿಸುವವರೂ ಇದ್ದಾರೆ. ಆ ಮೂರ್ತಿಯಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ ಒಮ್ಮೆಗೇ ದರ್ಶನ ಕೊಡುತ್ತಾರೆ. ಪ್ರಯೋಗದಲ್ಲಿ ಒಂದು ಸ್ಫುಟವಾದಷ್ಟು ಇನ್ನೊಂದು ಮಸುಕಾಗುತ್ತದೆ. ಹೋಲಿಕೆ ಸುಂದರ, ಆದರೆ ತಲೆಕೆಳಗು.)

ದೇವಶಾಸ್ತ್ರದ ಕಡೆಗೆ ಬಂದರೆ ಈ ವಾದದ ದೋಷ ಇನ್ನೂ ಗುರುತರ. ಕನ್ಯತ್ವವನ್ನು ಕಳೆದುಕೊಂಡವಳಿಗೆ ದೇವರೂ ಅದನ್ನು ಮರಳಿಸಲಾರರೆಂದು ಸಂತ ಜೆರೋಮರು ಬರೆದುದನ್ನು ಹನ್ನೊಂದನೆಯ ಶತಮಾನದಲ್ಲಿ ಸಂತ ಪೀಟರ್ ಡಾಮಿಯನ್ ಪ್ರಶ್ನಿಸಿದರು. ಸಂತ ಥಾಮಸ್ ಅಕ್ವಿನಾಸರು ‘ದೇವಶಾಸ್ತ್ರ ಸಂಗ್ರಹ’ದ ಮೊದಲ ಭಾಗದ 25ನೆಯ ಪ್ರಶ್ನೆಯಲ್ಲಿ ನಿಷ್ಕರ್ಷೆ ಮಾಡಿದರು: ನಡೆದುದು ನಡೆಯದಂತಾಗುವುದು ಸ್ವವಿರೋಧ, ಸ್ವವಿರೋಧವಾದುದು ಸರ್ವಶಕ್ತಿಯ ವ್ಯಾಪ್ತಿಗೆ ಸೇರದು. ದೇವರು ಪಾಪಿಯ ಕಳಂಕವನ್ನು ತೊಡೆಯಬಲ್ಲರು, ಪಾಪ ನಡೆಯಿತೆಂಬುದನ್ನಲ್ಲ. ಇದನ್ನು ಬಿಟ್ಟುಕೊಟ್ಟರೆ ಪಾಪನಿವೇದನೆಯ ಸಂಸ್ಕಾರಕ್ಕೆ ಅರ್ಥವುಳಿಯದು. ನಡೆಯದಿದ್ದುದನ್ನು ಕ್ಷಮಿಸುವುದು ಹೇಗೆ? ಪುನರುತ್ಥಾನರಾದ ಪ್ರಭು ತೋಮನಿಗೆ ತೋರಿದ್ದು ಗಾಯಗಳ ಗುರುತುಗಳನ್ನೇ.

ಆದರೆ ಆಗಿಹೋದುದನ್ನು ಬದಲಿಸುವುದು ಒಂದು. ಆಮೇಲಿನ ಪ್ರಾರ್ಥನೆಯನ್ನೂ ಗಣನೆಗೆ ತಂದುಕೊಂಡೇ ಅದು ಹಾಗೆ ಆಗಿರುವುದು ಇನ್ನೊಂದು. ಎರಡನೆಯದನ್ನು ಧರ್ಮಸಭೆ ಎಂದೋ ಒಪ್ಪಿದೆ. 1854ರಲ್ಲಿ ಒಂಬತ್ತನೆಯ ಭಕ್ತಿನಾಥರು ಘೋಷಿಸಿದ ಅಮಲೋದ್ಭವದ ವಿಶ್ವಾಸಸತ್ಯದಲ್ಲಿ ಮಾತೆ ಮರಿಯಮ್ಮನವರು ಜನ್ಮಪಾಪದಿಂದ ಪಾರಾದುದು ಕ್ರಿಸ್ತರ ಪುಣ್ಯಫಲಗಳ ಮುನ್ನೋಟದಿಂದ. ಶಿಲುಬೆ ಆಮೇಲಿನದು, ಅದರ ಫಲ ಮೊದಲಿನದು. ಇದಕ್ಕೆ ಬೆಳಕಿನ ಕಣ ಬೇಕಾಗಲಿಲ್ಲ; ಬೊಯೇಥಿಯಸ್ ವಿವರಿಸಿದಂತೆ ಸಕಲ ಕಾಲವನ್ನೂ ಒಮ್ಮೆಗೇ ಕಾಣುವ ದೇವರ ಅನಂತತೆ ಸಾಕಾಯಿತು. ಸಿ. ಎಸ್. ಲೂಯಿಸರು 1947ರ ತಮ್ಮ ‘ಮಿರಕಲ್ಸ್’ ಗ್ರಂಥದ ಅನುಬಂಧದಲ್ಲಿ ಇದೇ ಎಳೆಯನ್ನು ಹಿಡಿದು, ಬೆಳಿಗ್ಗೆ ನಡೆದುಹೋದುದಕ್ಕೂ ಮಧ್ಯಾಹ್ನ ಪ್ರಾರ್ಥಿಸಬಹುದು, ಫಲ ನಮಗೆ ತಿಳಿಯದಿರುವ ತನಕ, ಎಂದರು. ತಿಳಿದ ಬಳಿಕ ಅದಕ್ಕೆ ವಿರುದ್ಧವಾಗಿ ಬೇಡುವುದು ದೇವರ ಚಿತ್ತ ಗೊತ್ತಾದ ಮೇಲೂ ಹಟಹಿಡಿದಂತೆ. ಹರಿಹರದ ಆ ತಾಯಿಗೆ ಹೇಳಬಹುದಾದುದು ಇದು. ಮಿಷ್ನಾದ ತೀರ್ಪೂ ಅಲ್ಲ, ಪ್ರಯೋಗಾಲಯದ ಭ್ರಮೆಯೂ ಅಲ್ಲ.

ಪ್ಯಾನೆನ್‌ಬರ್ಗ್ 1964ರ ತಮ್ಮ ಕ್ರಿಸ್ತಶಾಸ್ತ್ರದಲ್ಲಿ ಪುನರುತ್ಥಾನಕ್ಕೆ ಹಿಮ್ಮುಖ ಬಲವಿದೆಯೆಂದು ಬರೆದುದನ್ನು ಕೆಲವು ಪ್ರಬಂಧಗಳು ಇಲ್ಲಿಗೆ ಎಳೆದು ತರುತ್ತವೆ. ಅವರ ಮಾತು ಯೇಸು ಯಾರೆಂಬುದು ಅಂತ್ಯದಿಂದ ನಿರ್ಧಾರವಾಗುವ ಬಗ್ಗೆ. ಘಟನೆಗಳನ್ನು ತಿದ್ದುವ ಬಗ್ಗೆ ಅಲ್ಲ.

ನಮ್ಮನ್ನು ಹೆಚ್ಚು ಕಳವಳಗೊಳಿಸುವುದು ಈ ಬೋಧನೆ ಬೀಳುವ ಕಿವಿ. ಪ್ರಾರ್ಥನೆಯು ಹಿಂದಿನದನ್ನು ತಿದ್ದುವ ತಂತ್ರವಾದರೆ, ಮಗನನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡ ತಂದೆ ತಾಯಿಗಳ ಗತಿಯೇನು? ಸಾವು ತಿದ್ದುಪಡಿಯಾಗದೆ ಉಳಿದಿದೆ. ಎಂದರೆ ತಮ್ಮ ವಿಶ್ವಾಸವೇ ಸಾಲದಾಯಿತು ಎಂದು ಅವರು ದಿನದಿನವೂ ತಮ್ಮನ್ನೇ ದೂರಿಕೊಳ್ಳುವರು. ಅಂಥವರು ಬಲಿಪೂಜೆಯ ಉದ್ದೇಶ ಬರೆಸಲು ಬಂದಾಗ ಗುರುವಿಗೆ ಬೇಕಾದುದು ಕಥೋಲಿಕ ಶ್ರೀಸಾಮಾನ್ಯ ಧರ್ಮೋಪದೇಶದ 2283ನೆಯ ಪರಿಚ್ಛೇದ. ಅವರ ರಕ್ಷಣೆಯ ಬಗೆಗೆ ನಿರಾಶರಾಗಬಾರದು, ತಮಗೊಬ್ಬರಿಗೇ ತಿಳಿದ ಮಾರ್ಗದಲ್ಲಿ ದೇವರು ಪಶ್ಚಾತ್ತಾಪದ ಅವಕಾಶವನ್ನು ಒದಗಿಸಬಲ್ಲರು ಎಂಬುದು ಅದರ ಬೋಧನೆ. ಸತ್ತನೆಂಬುದು ತಿಳಿದ ಸಂಗತಿ, ಅದು ಬದಲಾಗದು. ಕೊನೆಯ ಗಳಿಗೆಯಲ್ಲಿ ಆ ಮನಸ್ಸು ಎತ್ತ ಹೊರಳಿತೆಂಬುದು ಯಾರಿಗೂ ತಿಳಿಯದ ಸಂಗತಿ. ಹತ್ತು ವರ್ಷಗಳ ತರುವಾಯ ಅರ್ಪಿಸಿದ ಬಲಿಪೂಜೆಯೂ ಆ ಗಳಿಗೆಯಲ್ಲಿ ದೇವರ ಮುಂದಿತ್ತೆಂದು ಗುರುವು ಅವರಿಗೆ ಸಂಕೋಚವಿಲ್ಲದೆ ಹೇಳಬಹುದು.