‘ಉಳಿಸು, ಬೆಳೆಸು, ಬಳಸು’: ಒಂದು ಸೂತ್ರದ ವಿಮರ್ಶೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಕಾಡನ್ನೂ ನೀರನ್ನೂ ಕುರಿತು ಜನರು ತಾವಾಗಿಯೇ ನಾಲ್ಕು ದಶಕಗಳಿಂದ ನಡೆಸಿಕೊಂಡು ಬಂದಿರುವ ಕಾರ್ಯಕ್ಕೆ ಮೂರು ಕ್ರಿಯಾಪದಗಳು ಸೂತ್ರಪ್ರಾಯವಾಗಿವೆ. 1983ನೆಯ ಇಸವಿ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಗ್ರಾಮಸ್ಥರು ಕೊಡಲಿಗೆ ಈಡಾಗಲಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರ ಮುಂದಾಳುತನದಲ್ಲಿ ಅಲ್ಲಿಂದ ಹಬ್ಬಿದ ಅಪ್ಪಿಕೋ ಚಳವಳಿಯು ‘ಉಳಿಸು, ಬೆಳೆಸು, ಬಳಸು’ ಎಂಬ ಮಾತನ್ನು ಮನೆಮಾತಾಗಿಸಿತು. ಚಳವಳಿಯ ವೃತ್ತಾಂತವು ಹಲವು ಬಾರಿ ಬರೆಯಲ್ಪಟ್ಟಿದೆ; ಸೂತ್ರವನ್ನು ಮಾತ್ರ ಪದವಿಟ್ಟು ಪರೀಕ್ಷಿಸುವ ಕೆಲಸವು ಅಷ್ಟಾಗಿ ನಡೆದಂತೆ ತೋರದು. ಸೂತ್ರವನ್ನು ಹಿಡಿದು ಇಂದಿಗೂ ಗಿಡ ನೆಡುವವರೂ ಕೆರೆಯ ಹೂಳನ್ನೆತ್ತುವವರೂ ಇರುವುದರಿಂದ ಈ ಪರೀಕ್ಷೆಯು ಬರಿಯ ಶಬ್ದವಿನೋದವಾಗಲಾರದು.

ಮೊದಲು ವ್ಯಾಕರಣವನ್ನು ನೋಡಬಹುದು. ‘ಉಳಿ’, ‘ಬೆಳೆ’ ಎಂಬ ಧಾತುಗಳಿಗೆ ಪ್ರೇರಣಾರ್ಥದ ‘ಇಸು’ ಸೇರಿ ‘ಉಳಿಸು’, ‘ಬೆಳೆಸು’ ಎಂದಾಗಿವೆ. ಎಂದರೆ, ಉಳಿಯುವ ಕರ್ತೃವೂ ಬೆಳೆಯುವ ಕರ್ತೃವೂ ಮರವೇ. ಮನುಷ್ಯನು ಕೇವಲ ಪ್ರೇರಕನು. ‘ಬಳಸು’ ಎಂಬುದು ಕಿವಿಗೆ ಅದೇ ಜಾತಿಯದೆಂದು ಕೇಳಿಸಿದರೂ ಹಾಗಲ್ಲ. ಅದು ಸ್ವತಂತ್ರವಾದ ಧಾತು. ಹಳಗನ್ನಡದಲ್ಲಿ ಅದಕ್ಕೆ ಸುತ್ತುವರಿ, ಸುತ್ತಿ ಬಾ ಎಂಬ ಅರ್ಥವು ಪ್ರಧಾನವಾಗಿದ್ದಿತು; ‘ಬಳಸುದಾರಿ’, ‘ಸುತ್ತುಬಳಸು’ ಎಂಬ ಮಾತುಗಳಲ್ಲಿ ಆ ಅರ್ಥವು ಇನ್ನೂ ಜೀವಿಸಿದೆ. ಉಪಯೋಗಿಸು ಎಂಬ ಅರ್ಥದೊಡನೆ ಸುತ್ತಲೂ ಓಡಾಡಿಕೊಂಡಿರುವ, ರೂಢಿಯಿಂದ ಪರಿಚಿತವಾಗುವ ಛಾಯೆಯೂ ಆ ಪದಕ್ಕುಂಟು. ‘ಅಪ್ಪಿಕೋ’ ಎಂಬ ಹೆಸರು 1973ರಲ್ಲಿ ಗಢವಾಲದಲ್ಲಿ ಹುಟ್ಟಿದ ‘ಚಿಪ್ಕೋ’ದ ಅನುವಾದವೆನ್ನುವರು. ಆದರೂ ಕನ್ನಡದ ‘ಕೊಳ್’ ಎಂಬ ಆತ್ಮಾರ್ಥಕ ಸಹಾಯಕ್ರಿಯೆಯು ಅದಕ್ಕೆ ‘ನಿನ್ನದಾಗಿ, ನಿನಗಾಗಿ ಅಪ್ಪು’ ಎಂಬ ಒಂದು ಹೆಚ್ಚಿನ ಅರ್ಥವನ್ನು ಕೊಟ್ಟಿದೆ. ಅನುವಾದವು ಮೂಲಕ್ಕಿಂತ ಸಿರಿವಂತವಾದುದು ಅಪರೂಪವಾದ ಸಂಗತಿ.

‘ಉಳಿಸು’ ಎಂಬ ಮೊದಲ ಪದದಲ್ಲಿ ಈ ಸೀಮೆಯವರು ಪಡೆದ ಜಯವು ನಿಸ್ಸಂದೇಹವಾದುದು. ಯಲ್ಲಾಪುರ ತಾಲ್ಲೂಕನ್ನು ಹಾದು ಕೆಳಗೆ ಗಂಗಾವಳಿಯೆನಿಸುವ ಬೇಡ್ತಿ ನದಿಗೆ ವಿದ್ಯುತ್ತಿಗಾಗಿ ಕಟ್ಟೆ ಕಟ್ಟಬೇಕೆಂಬ ಯೋಜನೆಯನ್ನು ಅಡಿಕೆ ತೋಟಿಗರು ಬರಿಯ ಕೂಗಿನಿಂದ ಎದುರಿಸಲಿಲ್ಲ. ಲಾಭನಷ್ಟದ ಲೆಕ್ಕವನ್ನು ತಾವೇ ಮಾಡಿಸಿ, 1981ರಲ್ಲಿ ಶಿರಸಿಯಲ್ಲಿ ವಿದ್ವಾಂಸರ ಮುಂದೆ ಅದನ್ನಿರಿಸಿದರು. ಸಾಲ್ಕಣಿಯ ಬಳಿಕ ಸಿದ್ದಾಪುರ ತಾಲ್ಲೂಕಿನ ನಿಡಗೋಡಿನಲ್ಲಿಯೂ ಕಡಿತವು ನಿಂತಿತು. ಅಘನಾಶಿನೀ ಕಣಿವೆಯ ಕಾಡು 2011ರಲ್ಲಿ ಸಿಂಗಳೀಕಗಳಿಗಾಗಿ ಸಂರಕ್ಷಣಾ ಮೀಸಲೆಂದು ಘೋಷಿತವಾಯಿತು. ಇಷ್ಟು ಸಾಕು, ಈ ಭಾಗದಲ್ಲಿ ವಿಮರ್ಶಕನಿಗೆ ಹೆಚ್ಚಿನ ಕೆಲಸವಿಲ್ಲ.

ತೊಡಕಿರುವುದು ‘ಬೆಳೆಸು’ ಎಂಬಲ್ಲಿ. ಈ ಕ್ರಿಯಾಪದಕ್ಕೆ ಕರ್ಮಪದವಿಲ್ಲ. ಏನನ್ನು ಬೆಳೆಸಬೇಕು? ಸೂತ್ರವು ಹೇಳದೆ ಬಿಟ್ಟುದನ್ನು ಸರಕಾರವು ತನ್ನ ರೀತಿಯಲ್ಲಿ ತುಂಬಿಕೊಂಡಿತು: ಆಸ್ಟ್ರೇಲಿಯದ ಅಕೇಶಿಯವು ಬೋಳುಗುಡ್ಡಗಳನ್ನು ಬೇಗನೆ ಹಸುರುಗೊಳಿಸಿತು, ಹಸುರನ್ನು ಕಂಡವರು ಕಾಡೆಂದರು. ಬೆಳೆಸು ಎಂದವರೇ ಏಕಜಾತಿಯ ನೆಡುತೋಪುಗಳನ್ನು ವಿರೋಧಿಸಿದ್ದರೆಂಬುದು ನಿಜ. ಆದರೆ ಆ ವಿರೋಧಕ್ಕೆ ಸೂತ್ರದೊಳಗೆ ಸ್ಥಳವಿರಲಿಲ್ಲ.

ಕಾಡನ್ನು ಬೆಳೆಸುವುದು ಎಷ್ಟು ಕಷ್ಟವೆಂಬುದಕ್ಕೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಸಾಕ್ಷಿ. ಅಲ್ಲಿಯ ತೊರೆಗಳ ತಲೆಯಲ್ಲಿ, ವರ್ಷವಿಡೀ ನೀರು ಜಿನುಗುವ ತಗ್ಗುಗಳಲ್ಲಿ, ರಾಮಪತ್ರೆಯ ಕುಲದ ಮರಗಳ ಜಡ್ಡಿಗಳಿವೆ. ಕೆಸರಿನಲ್ಲಿ ಉಸಿರಾಡುವುದಕ್ಕಾಗಿ ಈ ಮರಗಳ ಬೇರುಗಳು ಮಂಡಿಯಂತೆ ಮಡಿಸಿ ನೆಲದಿಂದ ಮೇಲೇಳುವುವು. 2000ದಲ್ಲಿ ವಿದ್ವಾಂಸರು ಇಲ್ಲಿ ಗೇರಿನ ವಂಶಕ್ಕೆ ಸೇರಿದ ಹೊಸದೊಂದು ಮರವನ್ನು ಗುರುತಿಸಿ ಅದಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟರು. ಒಂದು ಕಾಲಕ್ಕೆ ಇಂಥ ತಗ್ಗುಗಳೆಷ್ಟೋ ಅಡಿಕೆ ತೋಟಗಳೂ ಗದ್ದೆಗಳೂ ಆಗಿ ಹೋದುವು; ಉಳಿದವು ಚೂರುಚೂರು. ಇವುಗಳ ದಪ್ಪಬೀಜವು ಒಣಗಿತೆಂದರೆ ಸತ್ತಿತು. ಚೀಲದಲ್ಲಿಟ್ಟು ಮುಂದಿನ ಮಳೆಗೆ ಬಿತ್ತುವಂತಿಲ್ಲ. ಅದನ್ನು ಹೊತ್ತು ಹರಡುವುದಕ್ಕೆ ಮಂಗಟ್ಟೆಯಂಥ ಹಕ್ಕಿಯೇ ಬೇಕು. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಈ ಸಸಿಗಳನ್ನೆಬ್ಬಿಸಿ ಜಡ್ಡಿಗೆ ಮರಳಿಸುವ ಕಾರ್ಯವನ್ನು ಕೈಕೊಂಡರು. ಹೊನ್ನಾವರದ ಸ್ನೇಹಕುಂಜವು ಜಡ್ಡಿಗಳ ಪುನರುದ್ಧಾರದಲ್ಲಿ ಊರವರನ್ನೇ ಜೊತೆಗೂಡಿಸಿಕೊಂಡಿತು. ಆ ಸಂಸ್ಥೆಗೆ 2021ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪುರಸ್ಕಾರವು ದೊರೆತುದು ಉಚಿತವೇ. ಇಲ್ಲಿ ನೀರಿಲ್ಲದೆ ಮರವಿಲ್ಲ, ಮರವಿಲ್ಲದೆ ನೆರಳಿಲ್ಲ, ನೆರಳಿಲ್ಲದೆ ಜಿನುಗು ನಿಲ್ಲದು. ಕಾಡು ಬೇರೆ, ತೊರೆ ಬೇರೆ ಎಂಬ ವಿಭಾಗವೇ ಸಲ್ಲದು.

ಈ ವಿಭಾಗವನ್ನು ಮಾಡಿಕೊಂಡೇ ಹೊರಟುದು ಈಚಿನ ಕೆರೆಯ ಕೆಲಸದ ಕೊರತೆ. 2016–17ರ ಬರದ ಬೆನ್ನಿಗೆ ನಾಡಿನ ಅನೇಕ ಊರುಗಳಂತೆ ಶಿರಸಿಯ ನಾಗರಿಕರೂ ಜೀವಜಲ ಕಾರ್ಯಪಡೆಯನ್ನು ಕಟ್ಟಿಕೊಂಡು, ಕೈಯಿಂದ ಹಣ ಹಾಕಿ, ಹಾಳುಬಿದ್ದ ಕೆರೆ ಹೊಂಡಗಳ ಹೂಳೆತ್ತಿಸಿದರು. ಕಸದ ಗುಂಡಿಯಾಗಿದ್ದುದರಲ್ಲಿ ನೀರು ನಿಂತುದನ್ನು ಕಂಡು ಸಂತೋಷಪಡದವನು ಅರಸಿಕನು. ಆದರೂ ಬಯಲುಸೀಮೆಯ ಕೆರೆಯ ಮಾದರಿಯನ್ನು ಮಲೆನಾಡಿಗೆ ತರುವಾಗ ಎಚ್ಚರಿಕೆ ಬೇಕು. ಬಯಲಿನ ಕೆರೆಯು ದೂರದಿಂದ ಹರಿದುಬರುವ ಮಳೆನೀರನ್ನು ಹಿಡಿಯುವ ಪಾತ್ರೆ. ಮಲೆನಾಡಿನ ಕೆರೆಯು ಹಲವೆಡೆಗಳಲ್ಲಿ ಮೇಲಣ ಗುಡ್ಡದ ಒರತೆಯು ಹೊರಬೀಳುವ ಬಾಯಿ. ಬಾಯಿಯನ್ನು ಆಳವಾಗಿ ತೋಡಿದ ಮಾತ್ರಕ್ಕೆ ಒರತೆಯು ಹೆಚ್ಚದು. ಯಂತ್ರದಿಂದ ದಂಡೆಯನ್ನು ಗೋಡೆಯಂತೆ ಕಡಿದರೆ ಜೊಂಡು ಬೇರೂರುವ, ಕಪ್ಪೆ ಮೊಟ್ಟೆಯಿಡುವ ಇಳಿಜಾರು ಅಂಚೂ ಹೋಯಿತು. ಈ ದೃಷ್ಟಿಯಿಂದ ಶಿವಾನಂದ ಕಳವೆಯವರು ತಮ್ಮ ಊರಾದ ಕಳವೆಯಲ್ಲಿ ಗ್ರಾಮಸ್ಥರೊಡನೆ ನಡೆಸಿದ ಪ್ರಯೋಗವು ಹೆಚ್ಚು ಶಾಸ್ತ್ರೀಯವೆನ್ನಬೇಕು: ಅವರು ತೋಡಿದುದು ಇಳಿಜಾರಿನ ಕಾಡಿನೊಳಗೆ, ನೀರು ಇಂಗುವುದಕ್ಕೆ. ಛಾಯಾಚಿತ್ರಕ್ಕೆ ಅದು ಅಷ್ಟು ಚೆನ್ನಾಗಿ ಒದಗದು.

ಇನ್ನು ‘ಬಳಸು’. ಸೂತ್ರದಲ್ಲಿ ಇದು ಕೊನೆಯದಾಗಿರುವುದರಿಂದ ಉಳಿಸಿ ಬೆಳೆಸಿದವರಿಗೆ ಸಲ್ಲುವ ಫಲವೆಂದೇ ಇದನ್ನು ತಿಳಿಯುವುದು ವಾಡಿಕೆ. ಈ ಮೂರು ತಾಲ್ಲೂಕುಗಳ ಚರಿತ್ರೆಯು ಕ್ರಮವನ್ನು ತಿರುಗಿಸಿ ಓದಬೇಕೆನ್ನುವುದು. 1801ರಲ್ಲಿ ಇಲ್ಲಿ ಸಂಚರಿಸಿದ ಬುಕಾನನ್ನನು ಕಂಡುದು ಕಾನಿನ ನೆರಳಿನಲ್ಲಿ ಮೆಣಸಿನ ಬಳ್ಳಿಯನ್ನು ಸಾಕುತ್ತಿದ್ದ ಜನರನ್ನು. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ದೊರೆಯಿತು. ಮರವನ್ನು ಬುಡಕ್ಕೆ ಕಡಿಯದೆ ಸೊಪ್ಪು ಸವರಿ, ದರಕನ್ನು ಗುಡಿಸಿ ತಂದು ತೋಟಕ್ಕೆ ಗೊಬ್ಬರ ಮಾಡುವ ಈ ಪದ್ಧತಿಯಲ್ಲಿ ಬಳಸುವವನೇ ಕಾವಲುಗಾರನು. ಬೋಳಾದ ಬೆಟ್ಟಗಳೂ ಉಂಟು, ನೆರಳು ತುಂಬಿದ ಬೆಟ್ಟಗಳೂ ಉಂಟು. ಒಂದೇ ಸವಲತ್ತಿನ ಕೆಳಗೆ ಎರಡೂ ಆದುವೆಂದ ಮೇಲೆ ದೋಷವು ಬಳಕೆಯದಲ್ಲ, ಬಳಸುವವನ ನಡತೆಯದು.

ಇಲ್ಲಿ ಸೂತ್ರವು ಮುಚ್ಚಿಕೊಂಡಿರುವ ಪ್ರಶ್ನೆಯೊಂದುಂಟು. ಏಕವಚನದ ಈ ವಿಧಿರೂಪವು ಯಾರನ್ನು ಕುರಿತದ್ದು? ತೋಟಿಗನಿಗೆ ಬೆಟ್ಟವುಂಟು. ತೋಟವಿಲ್ಲದ ಕೂಲಿಯವನಿಗೂ, ಯಲ್ಲಾಪುರದ ಕಾಡಂಚಿನ ಸಿದ್ದಿಯರಿಗೂ ಕುಣಬಿಯರಿಗೂ ‘ಬಳಸು’ ಎಂದರೆ ಏನನ್ನು? 1990ರ ದಶಕದಲ್ಲಿ ಉಪ್ಪಾಗೆಯ ಸಿಪ್ಪೆಗೆ ವಿದೇಶದಲ್ಲಿ ಬೇಡಿಕೆಯೆದ್ದಾಗ ಇದಕ್ಕೆ ಉತ್ತರವು ಕಾಡಿನಲ್ಲಿಯೇ ಕಂಡುಬಂದಿತು. ಮರವು ಯಾರದೂ ಅಲ್ಲದುದರಿಂದ, ಹಣ್ಣಾಗುವವರೆಗೆ ಕಾದವನಿಗೆ ಏನೂ ಉಳಿಯುತ್ತಿರಲಿಲ್ಲ. ಕಾಯನ್ನೇ ಕೊಯ್ದರು, ಕೈಗೆಟುಕದ ಕೊಂಬೆಯನ್ನು ಕಡಿದರು. ಉಪ್ಪಾಗೆಯು ಮಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲದುದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕಾಗಿ, ಅದೇ ಕಾಡಿನ ಸೌದೆಯು ಹೊರೆಹೊರೆಯಾಗಿ ಉರಿದುಹೋಯಿತು. ಸೌದೆಯನ್ನು ಉಳಿಸುವ ಒಲೆಗಳು ಮುಂದೆ ಬಂದುವು. ಮರವು ಯಾರದೆಂಬುದನ್ನು ಯಾವ ಒಲೆಯೂ ತೀರ್ಮಾನಿಸಲಿಲ್ಲ.